ಬಾಗಿಲಲ್ಲೇ ಬಿದ್ದ ದಾವೆಗಳು

'ಕೇಸು ವಜಾ ಆಯ್ತಂತೆ' ಎಂಬ ಮಾತು ಕೋರ್ಟಿನ ಪಡಸಾಲೆಯಲ್ಲಿ ಕಿವಿಗೆ ಬಿದ್ದರೆ ತಿಳಿಯುವುದು ಅರ್ಧ ಸುದ್ದಿ. ಎರಡೂ ಕಡೆಯ ಸಾಕ್ಷಿ ಕೇಳಿ, ಖಾತೆ ಉತಾರ ನೋಡಿ, 'ನಿನ್ನ ಹಕ್ಕು ರುಜುವಾತಾಗಲಿಲ್ಲ' ಎಂದು ನ್ಯಾಯಾಧೀಶರು ಬರೆದರೂ ವಜಾ. ಸಮನ್ಸು ಕಳಿಸುವ ಶುಲ್ಕ ಕಟ್ಟಲಿಲ್ಲ, ಪಾಲುದಾರನೊಬ್ಬನ ಹೆಸರು ಬಿಟ್ಟುಹೋಗಿದೆ, ಮೂರು ಸಲ ಕೂಗಿದಾಗ ವಾದಿ ಚಹಾದಂಗಡಿಯಲ್ಲಿದ್ದ, ಇಷ್ಟಕ್ಕೇ ಮುಗಿದರೂ ವಜಾ. ಮೊದಲನೆಯದರಲ್ಲಿ ಮನುಷ್ಯ ಸೋತಿದ್ದಾನೆ. ಎರಡನೆಯದರಲ್ಲಿ ಅವನ ಮಾತನ್ನು ಇನ್ನೂ ಯಾರೂ ಕೇಳಿಯೇ ಇಲ್ಲ. ಹೆಸರು ಮಾತ್ರ ಎರಡಕ್ಕೂ ಒಂದೇ.

ಈ ಎರಡನ್ನು ಬೇರ್ಪಡಿಸುವುದು ಹೇಗೆ, ಕಟ್ಟಳೆಯ ತಪ್ಪಿಗೆ ಬಿದ್ದವನಿಗೆ ಮತ್ತೆ ಬಾಗಿಲು ತೆರೆಯಬೇಕೇ ಬೇಡವೇ ಎಂಬ ಪ್ರಶ್ನೆ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಲ್ಕತ್ತ, ಮುಂಬಯಿ, ಮದರಾಸು, ಅಲಹಾಬಾದಿನ ಹೈಕೋರ್ಟುಗಳನ್ನೂ ಅವುಗಳ ಮೇಲಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲನ್ನೂ ಬಿಡದೆ ಕಾಡಿತು. ಹಳೆಯ ವಕೀಲರ ಮನೆಗಳಲ್ಲಿ ಗೆದ್ದಲು ಉಳಿಸಿಕೊಟ್ಟ ಲಾ ರಿಪೋರ್ಟುಗಳ ಸಂಪುಟ ತೆರೆದರೆ ಪುಟಪುಟಕ್ಕೂ ಅದೇ ಜಗಳ. ಓದಲು ಒಣ ವಿಷಯ, ನಿಜ. ಆದರೆ ಹೊಲ ಕಳೆದುಕೊಂಡವರಿಗೆ, ಜೈಲಿನ ಬಾಗಿಲವರೆಗೆ ಹೋಗಿ ಬಂದವರಿಗೆ ಅದು ಒಣ ವಿಷಯವಾಗಿರಲಿಲ್ಲ.

ಮೊದಲು 1869ರ ಒಂದು ತೀರ್ಪು. ಬಂಗಾಳದ ರಾಜಶಾಹಿಯಲ್ಲಿ ರಾಬರ್ಟ್ ವಾಟ್ಸನ್ ಅಂಡ್ ಕಂಪನಿಗೂ ಅಲ್ಲಿಯ ಕಲೆಕ್ಟರರಿಗೂ ನಡೆದ ವ್ಯಾಜ್ಯ ಪ್ರಿವಿ ಕೌನ್ಸಿಲಿನವರೆಗೆ ಹೋಯಿತು. ಹಿಂದಿನ ದಾವೆಯೊಂದು ಪುರಾವೆ ಸಾಲದೆ ಬಿದ್ದಿತ್ತು; ಬೀಳಿಸುವಾಗ ಮತ್ತೊಂದು ದಾವೆ ಹೂಡಲು ಅಡ್ಡಿಯಿಲ್ಲವೆಂಬ ಮಾತೂ ಸೇರಿತ್ತು. ಆ ಮಾತಿಗೆ ಬೆಲೆ ಇದೆಯೇ? ಇಲ್ಲ ಎಂದರು ಲಂಡನ್ನಿನ ನ್ಯಾಯಮೂರ್ತಿಗಳು. ಭಾರತದ ಕೋರ್ಟುಗಳಲ್ಲಿ 'ನಾನ್‌ಸೂಟ್' ಎಂಬ ಪದ್ಧತಿ ಇದ್ದರೂ ಅದು ಮೂರು ಬಗೆಯ ತಪ್ಪಿಗೆ ಸೀಮಿತ ಎಂದು ಅವರು ವಿಂಗಡಿಸಿದರು: ಕೂಡಿಸಬಾರದ ಕಕ್ಷಿಗಳನ್ನೋ ವಿಷಯಗಳನ್ನೋ ಒಂದೇ ದಾವೆಯಲ್ಲಿ ಕೂಡಿಸಿದ್ದು, ಮುಖ್ಯ ದಸ್ತಾವೇಜಿಗೆ ತಕ್ಕ ಸ್ಟ್ಯಾಂಪು ಇಲ್ಲದೆ ಅದನ್ನು ತಳ್ಳಿಹಾಕಿದ್ದು, ದಾವೆಯ ಬೆಲೆ ತಪ್ಪಾಗಿ ಕಟ್ಟಿದ್ದು. ಈ ಮೂರರಲ್ಲಿ ಬಿದ್ದದ್ದು ದಾವೆಯ ಅಂಗಿ. ಮೈಗೆ ಪೆಟ್ಟಾಗಿಲ್ಲ, ಮತ್ತೆ ಬರಬಹುದು. ವಿವಾದಾಂಶ ಗೊತ್ತಾದ ಮೇಲೆ ಪುರಾವೆ ತರಲಾರದೆ ಸೋತವನಿಗೆ ಎರಡನೆಯ ಅವಕಾಶವಿಲ್ಲ.

ಗೆರೆ ಸ್ಪಷ್ಟವಾಗಿದೆ, ನ್ಯಾಯವೂ ಆಗಿದೆ. ತೊಂದರೆ ಗೆರೆಯಲ್ಲಿರಲಿಲ್ಲ. ಗೆರೆಯ ಯಾವ ಕಡೆ ತಾನು ಬಿದ್ದಿದ್ದೇನೆ ಎಂದು ಹೇಳಿಸಿಕೊಳ್ಳಲು ಎಷ್ಟು ದೂರ ಹೋಗಬೇಕಿತ್ತು ಎಂಬುದರಲ್ಲಿತ್ತು.

ಅದಕ್ಕೆ ಮುಂಚೆ 1859ರ ಸಿವಿಲ್ ಪ್ರಕ್ರಿಯಾ ಸಂಹಿತೆ ಯಾಕೆ ಬಂತೆಂಬುದನ್ನು ನೋಡಬೇಕು. ಇಂದು ನಾವು ಬಯ್ಯುವ ಈ ಕಾಯ್ದೆ ಹುಟ್ಟಿದ್ದೇ ಕಟ್ಟಳೆಯ ಕಾಟ ಕಡಿಮೆ ಮಾಡಲು. ಅದಕ್ಕೂ ಮೊದಲು ಬಂಗಾಳದಲ್ಲಿ ಒಂದೇ ಕಾಲಕ್ಕೆ ಒಂಬತ್ತು ಬಗೆಯ ಸಿವಿಲ್ ಪ್ರಕ್ರಿಯೆ ಜಾರಿಯಲ್ಲಿತ್ತೆಂದು ಕಾನೂನು ಪಂಡಿತ ವಿಟ್ಲಿ ಸ್ಟೋಕ್ಸ್ ಲೆಕ್ಕ ಹಾಕಿದ್ದಾರೆ. ಕಲ್ಕತ್ತದ ಆಗಿನ ಸುಪ್ರೀಂ ಕೋರ್ಟಿನ ನಾಲ್ಕು ಅಧಿಕಾರಗಳಿಗೆ ನಾಲ್ಕು, ಸ್ಮಾಲ್ ಕಾಸ್ ಕೋರ್ಟಿಗೆ ಒಂದು, ಸೈನ್ಯದ ಕೋರ್ಟಿಗೆ ಒಂದು, ಈಸ್ಟ್ ಇಂಡಿಯಾ ಕಂಪನಿಯ ಕೋರ್ಟುಗಳಲ್ಲಿ ಪೂರ್ಣ ವಿಚಾರಣೆಗೆ ಒಂದು, ಸಂಕ್ಷಿಪ್ತ ವಿಚಾರಣೆಗೆ ಇನ್ನೊಂದು, ಡೆಪ್ಯುಟಿ ಕಲೆಕ್ಟರರ ಗೇಣಿ ದಾವೆಗಳಿಗೆ ಮತ್ತೊಂದು. ಮದರಾಸಿನಲ್ಲಿ 1802ರ ರೆಗ್ಯುಲೇಶನ್‌ಗಳು, ಮುಂಬಯಿ ಪ್ರಾಂತದಲ್ಲಿ ಎಲ್ಫಿನ್‌ಸ್ಟನ್ನರ 1827ರ ರೆಗ್ಯುಲೇಶನ್. ವಾದಿಯ ಅರ್ಜಿ, ಪ್ರತಿವಾದಿಯ ಉತ್ತರ, ಅದಕ್ಕೆ ವಾದಿಯ ಮರು ಉತ್ತರ, ಅದಕ್ಕೆ ಪ್ರತಿವಾದಿಯ ಮರುಮರು ಉತ್ತರ ಎಂದು ಕಾಗದ ಬೆಳೆಯುತ್ತಿತ್ತು. ಹೊಸ ಸಂಹಿತೆ ಎರಡಕ್ಕೆ ನಿಲ್ಲಿಸಿತು: ಒಂದು ವಾದಪತ್ರ, ಒಂದು ಕೈಫಿಯತ್ತು. ಆಮೇಲೆ ನ್ಯಾಯಾಧೀಶನೇ ಕಕ್ಷಿದಾರರನ್ನು ಕೇಳಿ ನಿಜವಾದ ಜಗಳ ಎಲ್ಲಿದೆಯೆಂದು ವಿವಾದಾಂಶ ಗುರುತಿಸಬೇಕು.

ಆಶಯ ದೊಡ್ಡದಿತ್ತು. ಸಂಹಿತೆ ಬರುವ ಮೂರು ವರ್ಷ ಮೊದಲೇ, 1856ರ ಹನುಮಾನ್ ಪ್ರಸಾದ್ ಪಾಂಡೆ ಪ್ರಕರಣದಲ್ಲಿ, ಕಂಪನಿಯ ಕೋರ್ಟುಗಳು ಧರ್ಮಬುದ್ಧಿಯಿಂದ ತೀರ್ಮಾನಿಸಬೇಕಾದವು, ವಿವಾದಾಂಶದ ಅಕ್ಷರವನ್ನಲ್ಲ ಅದರ ತಿರುಳನ್ನು ನೋಡಬೇಕು ಎಂದು ಪ್ರಿವಿ ಕೌನ್ಸಿಲ್ ಹೇಳಿತ್ತು. ಆ ಪ್ರಕರಣವನ್ನು ಕಾನೂನು ವಿದ್ಯಾರ್ಥಿಗಳು ಇಂದು ನೆನೆಯುವುದು ಅಪ್ರಾಪ್ತನ ಆಸ್ತಿಯನ್ನು ಅಡವಿಡುವ ಪಾಲಕನ ಅಧಿಕಾರಕ್ಕಾಗಿ. ತಿರುಳಿನ ಮಾತು ನೆನಪಿರುವುದು ಕೆಲವರಿಗೆ ಮಾತ್ರ. ಸಂಹಿತೆಯೂ ತನ್ನ 350ನೇ ಕಲಮಿನಲ್ಲಿ ಅದೇ ಮಾತನ್ನು ಕಾಯ್ದೆಯಾಗಿ ಬರೆದುಕೊಂಡಿತು: ತೀರ್ಪಿನ ತಿರುಳಿಗೂ ಕೋರ್ಟಿನ ಅಧಿಕಾರಕ್ಕೂ ಧಕ್ಕೆ ತರದ ಲೋಪವನ್ನು ಹಿಡಿದು ಅಪೀಲಿನಲ್ಲಿ ಡಿಕ್ರಿ ಕೆಡಿಸುವಂತಿಲ್ಲ. 1877ರ ಮತ್ತು 1882ರ ಸಂಹಿತೆಗಳಲ್ಲಿ ಇದು 578ನೇ ಕಲಮಾಯಿತು.

ಅಷ್ಟರಲ್ಲಿ ಸಂಹಿತೆ ದಪ್ಪಗಾಗಿತ್ತು. 1859ರಲ್ಲಿ ನಾನೂರು ತಲುಪದಿದ್ದ ಕಲಮುಗಳು 1882ರ ಹೊತ್ತಿಗೆ 652. ಕಾಟ ಕಳೆಯಲು ಬಂದದ್ದೇ ಕಾಟವಾಗುವುದಕ್ಕೆ ಬಹಳ ವರ್ಷ ಬೇಕಾಗಲಿಲ್ಲ.

ಉದಾಹರಣೆಗೆ ಗೈರುಹಾಜರಿಯನ್ನೇ ಹತ್ತಿರದಿಂದ ನೋಡಿ. 1882ರ ಸಂಹಿತೆಯ 98ನೇ ಕಲಮು: ಗೊತ್ತಾದ ದಿನ ವಾದಿಯೂ ಇಲ್ಲ, ಪ್ರತಿವಾದಿಯೂ ಇಲ್ಲ, ದಾವೆ ವಜಾ. 99ನೇ ಕಲಮಿನ ಪ್ರಕಾರ ಅವನು ಹೊಸ ದಾವೆ ಹೂಡಬಹುದು. 102ನೇ ಕಲಮು: ವಾದಿ ಇಲ್ಲ, ಪ್ರತಿವಾದಿ ಮಾತ್ರ ಬಂದು ಕೂತಿದ್ದಾನೆ, ದಾವೆ ವಜಾ. ಆದರೆ 103ರ ಪ್ರಕಾರ ಅದೇ ಕಾರಣಕ್ಕೆ ಹೊಸ ದಾವೆ ಹೂಡುವಂತಿಲ್ಲ. ಬರದಿರಲು ತಕ್ಕ ಕಾರಣವಿತ್ತೆಂದು ಅರ್ಜಿ ಕೊಟ್ಟು, ಒಪ್ಪಿಸಿ, ಹಳೆಯ ದಾವೆಯನ್ನೇ ಬದುಕಿಸಿಕೊಳ್ಳಬೇಕು. ಮಳೆಗಾಲದಲ್ಲಿ ಹಳ್ಳ ಬಂದು ದಾರಿ ಕಟ್ಟಿತೆಂದುಕೊಳ್ಳಿ. ಹಳ್ಳದ ಆಚೆ ಇಬ್ಬರೂ ಸಿಕ್ಕಿಕೊಂಡರೆ ವಾದಿ ಉಳಿದ. ಎದುರಾಳಿಯ ಮನೆ ಹಳ್ಳದ ಈಚೆಗಿದ್ದರೆ ವಾದಿ ಕೆಟ್ಟ. ತಪ್ಪು ಅದೇ, ಹಳ್ಳ ಅದೇ. ಎದುರಾಳಿ ತನ್ನ ಕೆಲಸ ಬಿಟ್ಟು ಬಂದಿದ್ದಾನಲ್ಲ, ಅವನನ್ನು ಮತ್ತೆ ಮತ್ತೆ ಅಲೆಸಬಾರದು ಎಂಬುದು ಇದರ ಹಿಂದಿನ ತರ್ಕ. ಅದೂ ಸುಳ್ಳಲ್ಲ.

ಇದಲ್ಲದೆ 'ತಿರಸ್ಕಾರ' ಎಂಬ ಇನ್ನೊಂದು ಮರಣವಿತ್ತು. ವಾದಪತ್ರಕ್ಕೆ ಸ್ಟ್ಯಾಂಪು ಸಾಲದು, ಸಾಲದ್ದನ್ನು ಕಟ್ಟಲು ಕೊಟ್ಟ ಗಡುವೂ ಮೀರಿತು ಎಂದರೆ ವಾದಪತ್ರ ತಿರಸ್ಕೃತ. 56ನೇ ಕಲಮಿನ ಪ್ರಕಾರ ಹೊಸತು ಹಾಕಲು ಅಡ್ಡಿಯಿಲ್ಲ. ಓದಿದರೆ ಔದಾರ್ಯ. ಆದರೆ ಪಕ್ಕದಲ್ಲೇ ವಾಯಿದೆ ಕಾಯ್ದೆ ಕಾದು ಕೂತಿತ್ತು. 1859, 1871, 1877 ಎಂದು ಮೂರು ಸಲ ಬರೆದ ಆ ಕಾಯ್ದೆಯಲ್ಲಿ ಅವಧಿ ಮೀರಿದ ದಾವೆಯನ್ನು ಪ್ರತಿವಾದಿ ತಕರಾರು ಎತ್ತದಿದ್ದರೂ ಕೋರ್ಟು ವಜಾ ಮಾಡಲೇಬೇಕು. ಹೊಸ ವಾದಪತ್ರಕ್ಕೆ ಬಾಗಿಲು ತೆರೆದಿದೆ, ಆದರೆ ನೀನು ಬಾಗಿಲಿಗೆ ಬರುವಷ್ಟರಲ್ಲಿ ಸಮಯ ಮುಗಿದಿದೆ. ದೇವರು ಕೊಟ್ಟರೂ ಪೂಜಾರಿ ಕೊಡ.

ಸ್ಕಿನ್ನರ್ ಪ್ರಕರಣ ಇದಕ್ಕೆ ಒಳ್ಳೆಯ ನಿದರ್ಶನ. ಉತ್ತರ ಹಿಂದೂಸ್ತಾನದ ಪ್ರಸಿದ್ಧ ಸ್ಕಿನ್ನರ್ ಮನೆತನದ ಸ್ಟುವರ್ಟ್ ಸ್ಕಿನ್ನರ್, ನವಾಬ್ ಮಿರ್ಜಾ ಎಂಬ ಇನ್ನೊಂದು ಹೆಸರೂ ಇದ್ದವನು, ತನ್ನಲ್ಲಿ ಕೋರ್ಟು ಫೀಗೆ ಹಣವಿಲ್ಲ, ಬಡವನೆಂದು ಪರಿಗಣಿಸಿ ಫೀ ಇಲ್ಲದೆ ದಾವೆ ನಡೆಸಲು ಬಿಡಿ ಎಂದು ಅರ್ಜಿ ಹಾಕಿದ. ಅವನು ನಿಜಕ್ಕೂ ಬಡವನೇ ಎಂಬ ವಿಚಾರಣೆ ನಡೆಯುತ್ತಿರುವಾಗಲೇ ಎಲ್ಲಿಂದಲೋ ಹಣ ಹೊಂದಿಸಿ ಪೂರ್ತಿ ಫೀ ಕಟ್ಟಿದ. ಯಾರಾದರೂ ಇದನ್ನು ಪ್ರಾಮಾಣಿಕತೆ ಎನ್ನುತ್ತಾರೆ. ಅಲಹಾಬಾದ್ ಹೈಕೋರ್ಟು ಬೇರೆ ಲೆಕ್ಕ ಹಾಕಿತು: ಫೀ ಕಟ್ಟಿದ ದಿನವೇ ದಾವೆ ಹುಟ್ಟಿದ ದಿನ, ಅಷ್ಟರಲ್ಲಿ ವಾಯಿದೆ ಮುಗಿದಿತ್ತು, ದಾವೆ ನಿಲ್ಲದು. ಬಡವನಾಗಿಯೇ ಉಳಿದಿದ್ದರೆ ಅರ್ಜಿ ಕೊಟ್ಟ ದಿನ ಲೆಕ್ಕಕ್ಕೆ ಬರುತ್ತಿತ್ತು. ಹಣ ಕಟ್ಟಿ ಕೆಟ್ಟ. 1879ರಲ್ಲಿ ಪ್ರಿವಿ ಕೌನ್ಸಿಲ್ ಇದನ್ನು ತಿರುಗಿಸಿ, ಅರ್ಜಿಯನ್ನೇ ವಾದಪತ್ರವೆಂದು ಭಾವಿಸಿ ಅದು ಸಲ್ಲಿಕೆಯಾದ ದಿನದಿಂದ ಎಣಿಸಬೇಕು ಎಂದಿತು. ಇಂದಿಗೂ ಕೋರ್ಟು ಫೀ ತಡವಾಗಿ ಕಟ್ಟಿದವರ ಪರವಾಗಿ ವಕೀಲರು ಈ ತೀರ್ಪನ್ನು ಓದುವುದುಂಟು.

ಪಾಠಪುಸ್ತಕಗಳು ಇಂಥ ತೀರ್ಪುಗಳನ್ನು ಒಂದರ ಕೆಳಗೊಂದು ಪೋಣಿಸಿ, ನೋಡಿ, ಉನ್ನತ ನ್ಯಾಯಪೀಠ ಕಟ್ಟಳೆಗಿಂತ ನ್ಯಾಯವನ್ನು ಮೇಲಿಟ್ಟಿತು ಎಂದು ಮುಗಿಸುತ್ತವೆ. ನಾನು ಆ ಹೆಸರುಗಳನ್ನು ಇನ್ನೊಮ್ಮೆ ಓದುತ್ತೇನೆ: ರೇಷ್ಮೆ ಮತ್ತು ನೀಲಿ ವ್ಯಾಪಾರದ ವಾಟ್ಸನ್ ಕಂಪನಿ, ಜಾಗೀರಿನ ಸ್ಕಿನ್ನರ್ ಮನೆತನ, ಮುಂದೆ ಬರಲಿರುವ ದರ್ಭಂಗಾದ ರಾಜ್. ಪ್ರಿವಿ ಕೌನ್ಸಿಲಿಗೆ ಅಪೀಲು ಹೋಗಬೇಕಾದರೆ ವ್ಯಾಜ್ಯದ ಬೆಲೆ ಸಾಮಾನ್ಯವಾಗಿ 10,000 ರೂಪಾಯಿ ಆಗಿರಬೇಕಿತ್ತು. ಇಲ್ಲವೇ ಪ್ರಕರಣ ಯೋಗ್ಯವೆಂದು ಹೈಕೋರ್ಟೇ ಪ್ರಮಾಣಪತ್ರ ಕೊಡಬೇಕಿತ್ತು. ಇನ್ನೊಂದು ತುದಿಯಲ್ಲಿ, ಸ್ಮಾಲ್ ಕಾಸ್ ಬಗೆಯ ದಾವೆ 500 ರೂಪಾಯಿ ಮೀರದಿದ್ದರೆ 586ನೇ ಕಲಮಿನ ಪ್ರಕಾರ ಎರಡನೆಯ ಅಪೀಲೇ ಇಲ್ಲ. ಸಂಹಿತೆಯಲ್ಲಿ ಕ್ಷಮೆ ಇರಲಿಲ್ಲವೆಂದಲ್ಲ. ಇತ್ತು, ಮೇಲಿನ ಮಹಡಿಯಲ್ಲಿತ್ತು. ಏಣಿ ಕೊಳ್ಳಬಲ್ಲವನಿಗೆ ಸಿಗುತ್ತಿತ್ತು.

ಕನ್ನಡ ನಾಡಿನ ಕಕ್ಷಿದಾರನಿಗೆ ಏಣಿಗಳೂ ಬೇರೆ ಬೇರೆ. ಧಾರವಾಡ, ಬೆಳಗಾವಿಯವನು ಮುಂಬಯಿ ಹೈಕೋರ್ಟಿಗೆ. 1862ರಲ್ಲಿ ಉತ್ತರ ಕನ್ನಡ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದ್ದರಿಂದ ಕಾರವಾರ, ಕುಮಟೆಯವನೂ ಅಲ್ಲಿಗೇ. ಒಂದೇ ಕರಾವಳಿಯ ಮಂಗಳೂರು, ಉಡುಪಿಯವನು ಮಾತ್ರ ಮದರಾಸಿಗೆ. ಬಳ್ಳಾರಿಯೂ ಮದರಾಸಿಗೆ, ಕಲಬುರಗಿ, ರಾಯಚೂರು ನಿಜಾಮರ ಹೈದರಾಬಾದಿಗೆ. ಮೈಸೂರಿನಲ್ಲಿ ಜುಡಿಷಿಯಲ್ ಕಮಿಷನರ್, 1884ರಿಂದ ಚೀಫ್ ಕೋರ್ಟು. ಕೆಳಗಿನ ಕೋರ್ಟಿನ ಸಾಕ್ಷಿ, ಪತ್ರ ಕನ್ನಡದಲ್ಲಿ. ಮೇಲೆ ಹೋಗುವಾಗ ತರ್ಜುಮೆ, ಅಚ್ಚು, ಅದರ ಖರ್ಚು. ಮೂಲಗೇಣಿಯ ಚೀಟಿಯಲ್ಲಿ ಒಂದು ಶಬ್ದದ ಅರ್ಥ ಅತ್ತಿತ್ತ ಆದರೂ ಅದನ್ನು ಸರಿಪಡಿಸಲು ಕಕ್ಷಿದಾರ ಅಲ್ಲಿರುತ್ತಿರಲಿಲ್ಲ. 'ಗೆದ್ದವನು ಸೋತ, ಸೋತವನು ಸತ್ತ' ಎಂಬ ಗಾದೆ ನಮ್ಮಲ್ಲಿ ಸುಮ್ಮನೆ ನೆಲೆಯೂರಿಲ್ಲ.

ಅಪೀಲು ಇಲ್ಲದವನಿಗೆ ಉಳಿದ ದಾರಿ 622ನೇ ಕಲಮು, ರಿವಿಜನ್. ಕೆಳಗಿನ ಕೋರ್ಟು ತನಗಿಲ್ಲದ ಅಧಿಕಾರ ಚಲಾಯಿಸಿದರೆ, ಇದ್ದ ಅಧಿಕಾರ ಚಲಾಯಿಸದಿದ್ದರೆ ಹೈಕೋರ್ಟು ಕಡತ ತರಿಸಿಕೊಂಡು ಸರಿಪಡಿಸಬಹುದು. 1879ರ ತಿದ್ದುಪಡಿ ಅಧಿಕಾರವನ್ನು ಕಾಯ್ದೆಬಾಹಿರವಾಗಿ ಇಲ್ಲವೇ ಗಂಭೀರ ಲೋಪದಿಂದ ಚಲಾಯಿಸಿದ್ದನ್ನೂ ಸೇರಿಸಿತು. ದಾರಿ ಅಗಲವಾಯಿತೆಂದು ವಕೀಲರು ಸಂತೋಷಪಟ್ಟಿರಬೇಕು. ಐದೇ ವರ್ಷದಲ್ಲಿ, 1884ರ ಅಮೀರ್ ಹಸನ್ ಖಾನ್ ಪ್ರಕರಣದಲ್ಲಿ, ಪ್ರಿವಿ ಕೌನ್ಸಿಲ್ ಅದನ್ನು ಕಿರಿದು ಮಾಡಿತು. ಪ್ರಶ್ನೆಯನ್ನು ತೀರ್ಮಾನಿಸುವ ಅಧಿಕಾರ ಕೆಳಗಿನ ಕೋರ್ಟಿಗೆ ಇತ್ತು, ತಪ್ಪಾಗಿ ತೀರ್ಮಾನಿಸಿರಬಹುದು, ತಪ್ಪು ತೀರ್ಮಾನ ಬೇರೆ, ಅಧಿಕಾರದ ದುರ್ಬಳಕೆ ಬೇರೆ. ತರ್ಕದಲ್ಲಿ ಕೂದಲೆಳೆಯಷ್ಟೂ ಬಿರುಕಿಲ್ಲ. ಫಲ ಮಾತ್ರ ಹೀಗೆ: ಸಣ್ಣ ದಾವೆಯಲ್ಲಿ ಸಣ್ಣ ಕೋರ್ಟು ಮಾಡಿದ ತಪ್ಪು ತಪ್ಪಾಗಿಯೇ ಉಳಿಯಬಹುದು.

ಹೈಕೋರ್ಟುಗಳ ಒಳಗೇ ಇದಕ್ಕೆ ಎದುರು ದನಿ ಇತ್ತು, ಮತ್ತು ಅದರಲ್ಲಿ ಅತ್ಯಂತ ಗಟ್ಟಿಯಾದದ್ದು ಭಾರತೀಯನದು. ಸರ್ ಸೈಯದ್ ಅಹಮದ್ ಖಾನರ ಮಗ ಸೈಯದ್ ಮಹಮೂದ್ ಅಲಹಾಬಾದ್ ಹೈಕೋರ್ಟಿನ ಮೊದಲ ಭಾರತೀಯ ನ್ಯಾಯಮೂರ್ತಿ. 1883ರ ನರಸಿಂಗ ದಾಸ್ ಮತ್ತು ಮಂಗಲ್ ದುಬೆ ಪ್ರಕರಣದ ಪೂರ್ಣಪೀಠದಲ್ಲಿ ಅವರು ಒಂದು ಸೂತ್ರ ಬರೆದರು: ಸಂಹಿತೆಯಲ್ಲಿ ಸ್ಪಷ್ಟವಾಗಿ ಹೇಳದ ಕ್ರಮವೆಲ್ಲ ನಿಷಿದ್ಧ ಎಂದು ಕೋರ್ಟುಗಳು ತಿಳಿಯಬಾರದು, ಕಾಯ್ದೆ ನಿಷೇಧಿಸಿದೆ ಎಂದು ತೋರಿಸುವವರೆಗೆ ಪ್ರತಿ ಕ್ರಮವೂ ಸಮ್ಮತ ಎಂದು ತಿಳಿಯಬೇಕು. ಆಗ ಅವರಿಗೆ ಮೂವತ್ತು ದಾಟಿ ಎರಡು ಮೂರು ವರ್ಷ. ಹೇಳಿದ್ದು ಎರಡೇ ಸಾಲು, ಆದರೆ ಪುರಾವೆಯ ಹೊರೆ ಇದ್ದಕ್ಕಿದ್ದಂತೆ ತಕರಾರು ಎತ್ತುವವನ ಹೆಗಲಿಗೆ ಬಿತ್ತು. ಮಹಮೂದರು 1893ರಲ್ಲಿ ಮುಖ್ಯ ನ್ಯಾಯಮೂರ್ತಿಯೊಡನೆ ಕೆಡಿಸಿಕೊಂಡು ರಾಜೀನಾಮೆ ಕೊಟ್ಟರು. ಅವರ ಮೇಲಿದ್ದ ದೂರುಗಳಲ್ಲಿ ಒಂದು, ತೀರ್ಪು ಬರೆಯಲು ತಡ ಮಾಡುತ್ತಾರೆ ಎಂಬುದು. ಅವರ ಉದ್ದುದ್ದನೆಯ ಭಿನ್ನಮತದ ತೀರ್ಪುಗಳನ್ನು ಓದಿದವರಿಗೆ ಆ ತಡ ಯಾಕೆಂದು ಅರ್ಥವಾಗುತ್ತದೆ.

ಇಷ್ಟು ಹೊತ್ತು ವಾದಿಯ ಪರವಾಗಿ ಮಾತಾಡಿದೆ. ಪ್ರತಿವಾದಿಯ ಜಗಲಿಯಲ್ಲಿ ಕೂತು ನೋಡಿದರೆ ಚಿತ್ರ ತಿರುಗುತ್ತದೆ. ಕಟ್ಟಳೆ ಸಡಿಲವಾದರೆ ಮೊದಲು ಲಾಭ ಪಡೆಯುವವನು ಹಣವುಳ್ಳ ವಾದಿ. ಒಂದೇ ಸಾಲಕ್ಕೆ ಎರಡು ದಾವೆ, ಒಂದರಲ್ಲಿ ಸೋತರೆ ಇನ್ನೊಂದು ಊರಲ್ಲಿ ಮತ್ತೊಂದು. ಇದನ್ನು ತಡೆಯಲೆಂದೇ ಒಮ್ಮೆ ತೀರ್ಮಾನವಾದದ್ದನ್ನು ಮತ್ತೆ ಎತ್ತಬಾರದು ಎಂಬ ನಿಯಮ, ಒಂದೇ ಕಾರಣದ ಹಕ್ಕನ್ನು ತುಂಡು ತುಂಡಾಗಿ ದಾವೆ ಹೂಡಬಾರದು ಎಂಬ ನಿಯಮ. ಎರಡನೆಯದಕ್ಕೆ ಅಳತೆಗೋಲು ಕೊಟ್ಟದ್ದು 1867ರ ಮುನ್ಷಿ ಬಜ್ಲುರ್ ರಹೀಂ ಮತ್ತು ಶಂಸುನ್ನಿಸಾ ಬೇಗಂ ಪ್ರಕರಣ. ಹೆಂಡತಿ ತನ್ನ ಕಂಪನಿ ಪತ್ರಗಳ, ಎಂದರೆ ಸರ್ಕಾರಿ ಸಾಲಪತ್ರಗಳ, ಹಣಕ್ಕಾಗಿ ಗಂಡನ ಮೇಲೆ ಹೋಗಿದ್ದಳು. ಹೊಸ ದಾವೆ ಹಳೆಯದಕ್ಕಿಂತ ನಿಜವಾಗಿ ಬೇರೆಯಾದ ಕಾರಣದ ಮೇಲೆ ನಿಂತಿದೆಯೇ ಎಂಬುದೇ ಪರೀಕ್ಷೆ ಎಂದರು ಪ್ರಿವಿ ಕೌನ್ಸಿಲಿನವರು. ಅದೇ ತೀರ್ಪಿನ ಇನ್ನೊಂದು ಭಾಗದಲ್ಲಿ, ಮುಸ್ಲಿಂ ಗಂಡ ಹೆಂಡತಿಯನ್ನು ಮನೆಗೆ ಕರೆಸಿಕೊಳ್ಳಲು ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಬಹುದು ಎಂದೂ ಹೇಳಿದರು. ಆ ಭಾಗ ಹದಿನೆಂಟು ವರ್ಷದ ನಂತರ ಮುಂಬಯಿಯಲ್ಲಿ ಎದ್ದ ಬಿರುಗಾಳಿಗೆ ನೆಲ ಹದ ಮಾಡಿತ್ತು.

ಮುಂಬಯಿಗೆ ಹೋಗುವ ಮೊದಲು ಡಿಕ್ರಿಯ ಮಾತು ಒಂದಿಷ್ಟು. ದರ್ಭಂಗಾ ರಾಜ್‌ನ 1872ರ ಪ್ರಕರಣದಲ್ಲಿ, ಭಾರತದ ಕಕ್ಷಿದಾರನ ಕಷ್ಟ ಶುರುವಾಗುವುದೇ ಡಿಕ್ರಿ ಕೈಗೆ ಬಂದ ಮೇಲೆ ಎಂದು ಪ್ರಿವಿ ಕೌನ್ಸಿಲ್ ಹೇಳಿದ ಮಾತು ಇಂದಿಗೂ ಸುಪ್ರೀಂ ಕೋರ್ಟಿನ ತೀರ್ಪುಗಳಲ್ಲಿ ಬರುತ್ತಿರುತ್ತದೆ. ಅಮಲ್ಜಾರಿ ದರಖಾಸ್ತುಗಳ ಕತೆ ಬಲ್ಲವರಿಗೆ ಇದರಲ್ಲಿ ಹೊಸದೇನಿಲ್ಲ. ಆದರೆ ಇದು ಡಿಕ್ರಿ ಪಡೆದವನ ಅಳಲು. ದಖ್ಖನದ ರೈತ ಇನ್ನೊಂದು ತುದಿಯಲ್ಲಿದ್ದ. ಸಾಹುಕಾರ ದಾವೆ ಹೂಡುತ್ತಾನೆ, ರೈತ ಕೋರ್ಟಿಗೆ ಬರುವುದಿಲ್ಲ, ಎಕ್ಸ್‌ಪಾರ್ಟಿ ಡಿಕ್ರಿ ಆಗುತ್ತದೆ, ಜಪ್ತಿ ಬರುತ್ತದೆ. 1875ರಲ್ಲಿ ಪುಣೆ, ಅಹಮದನಗರದ ಹಳ್ಳಿಗಳಲ್ಲಿ ರೈತರು ಸಾಹುಕಾರರ ಅಂಗಡಿಗೆ ನುಗ್ಗಿ ಸಾಲದ ಪತ್ರಗಳನ್ನು ಹುಡುಕಿ ಹುಡುಕಿ ಸುಟ್ಟರು. ಸುಡಲು ಪತ್ರವನ್ನೇ ಆರಿಸಿಕೊಂಡದ್ದನ್ನು ಗಮನಿಸಬೇಕು. ಕೋರ್ಟು ನೋಡುತ್ತಿದ್ದದ್ದು ಅದೊಂದನ್ನೇ ಎಂದು ಅವರಿಗೆ ಗೊತ್ತಿತ್ತು. 1879ರ ದಖ್ಖನ್ ರೈತ ಪರಿಹಾರ ಕಾಯ್ದೆ ಇದಕ್ಕೆ ಉತ್ತರವಾಗಿ ಬಂತು. ನ್ಯಾಯಾಧೀಶ ಪತ್ರದ ಅಂಕಿಗೆ ನಿಲ್ಲದೆ, ಸಾಲ ಹುಟ್ಟಿದ ದಿನದಿಂದ ಲೆಕ್ಕ ಬಿಚ್ಚಿ ನೋಡಬೇಕು. ಮುಂದೆ ಈ ಕಾಯ್ದೆ ಧಾರವಾಡ, ಬೆಳಗಾವಿ, ವಿಜಾಪುರದ ರೈತರಿಗೂ ಅನ್ವಯವಾಯಿತು. ಕಟ್ಟಳೆಯನ್ನು ಬಡವನ ಕಡೆಗೆ ಬಾಗಿಸಬಹುದು ಎಂಬುದಕ್ಕೆ ಆ ಶತಮಾನ ಕೊಟ್ಟ ದೊಡ್ಡ ಪುರಾವೆ ಇದು. ಅದಕ್ಕೆ ದಂಗೆ ಆಗಬೇಕಾಯಿತು ಎಂಬುದೂ ನಿಜ.

ಇನ್ನು ರುಖ್ಮಾಬಾಯಿ. 1864ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಹುಡುಗಿ. ತಂದೆ ತೀರಿದ ಮೇಲೆ ತಾಯಿ ಜಯಂತಿಬಾಯಿ ಡಾಕ್ಟರ್ ಸಖಾರಾಮ್ ಅರ್ಜುನ್ ಅವರನ್ನು ಮದುವೆಯಾದರು. ರುಖ್ಮಾಬಾಯಿಗೆ ಹನ್ನೊಂದಕ್ಕೆ ದಾದಾಜಿ ಭಿಕಾಜಿಯೊಡನೆ ಮದುವೆ. ಗಂಡನ ಮನೆಗೆ ಹೋಗಲೇ ಇಲ್ಲ. ಓದುತ್ತ ತವರಲ್ಲೇ ಉಳಿದಳು. ದಾದಾಜಿ 1884ರಲ್ಲಿ ಮುಂಬಯಿ ಹೈಕೋರ್ಟಿನಲ್ಲಿ ದಾವೆ ಹೂಡಿದ: ದಾಂಪತ್ಯದ ಹಕ್ಕನ್ನು ಮರಳಿ ಕೊಡಿಸಿ. 1885ರ ಸೆಪ್ಟೆಂಬರ್ 21ರಂದು ನ್ಯಾಯಮೂರ್ತಿ ಪಿನ್ಹೆ ಎದುರು ವಾದಿಯ ಕಡೆ ಮುಗಿಯಿತು. ರುಖ್ಮಾಬಾಯಿಯ ಪರ ಅಡ್ವೊಕೇಟ್ ಜನರಲ್ ಲೇಥಮ್ ಮತ್ತು ಕಾಶಿನಾಥ ತೆಲಂಗರಿದ್ದರು. ಪಿನ್ಹೆ ಅವರ ವಾದವನ್ನೇ ಕೇಳಲಿಲ್ಲ. ಕೇಳುವ ಅಗತ್ಯವಿಲ್ಲವೆಂದು ದಾವೆಯನ್ನು ವಜಾ ಮಾಡಿದರು. ಎಂದೂ ಒಟ್ಟಿಗೆ ಬಾಳದ ದಂಪತಿಗಳಲ್ಲಿ 'ಮರಳಿ' ಕೊಡಿಸುವುದಕ್ಕೆ ಏನಿದೆ ಎಂಬುದು ಅವರ ಪ್ರಶ್ನೆ. ಇಂಥ ದಾವೆಗೆ ಇಂಗ್ಲಿಷ್ ಕಾನೂನಿನಲ್ಲೂ ಹಿಂದೂ ಕಾನೂನಿನಲ್ಲೂ ಅವರಿಗೆ ಆಧಾರ ಕಾಣಲಿಲ್ಲ.

ಇಡೀ ದೇಶ ಎರಡು ಪಾಲಾಯಿತು. ತಿಲಕರ ಪತ್ರಿಕೆ ಪಿನ್ಹೆಯ ಮೇಲೆ ಬಿತ್ತು. ಬೆಹ್ರಾಂಜಿ ಮಲಬಾರಿ ರುಖ್ಮಾಬಾಯಿಯ ಪರ ನಿಂತರು. ಆದರೆ ನಮ್ಮ ಪ್ರಶ್ನೆಗೆ ಸಂಬಂಧಿಸಿದ್ದು ಅಪೀಲು. 1886ರಲ್ಲಿ ಮುಖ್ಯ ನ್ಯಾಯಮೂರ್ತಿ ಸಾರ್ಜೆಂಟ್ ಮತ್ತು ನ್ಯಾಯಮೂರ್ತಿ ಬೇಲಿ ಪಿನ್ಹೆಯ ವಜಾ ಆದೇಶ ತೆಗೆದುಹಾಕಿ, ಇಂಥ ದಾವೆ ನಡೆಯುತ್ತದೆ, ತಿರುಳು ನೋಡಿ ತೀರ್ಮಾನಿಸಿ ಎಂದು ಕೆಳಗೆ ಕಳಿಸಿದರು. ಬಾಗಿಲಲ್ಲೇ ಬಿದ್ದ ದಾವೆ ಎದ್ದು ಒಳಗೆ ಬಂತು. ಬಾಗಿಲಲ್ಲೇ ಬಿದ್ದ ದಾವೆಗಳ ಬಗ್ಗೆ ಮರುಗುವ ನನ್ನಂಥವರಿಗೆ ಇದು ಮುಜುಗರದ ಪ್ರಕರಣ: ಇಲ್ಲಿ ವಾದಿಯ ಮುಖಕ್ಕೆ ಬಾಗಿಲು ಮುಚ್ಚಿದ್ದೇ ನ್ಯಾಯವಾಗಿತ್ತು, ತೆರೆದದ್ದೇ ಅನ್ಯಾಯಕ್ಕೆ ದಾರಿಯಾಯಿತು. 1887ರ ಮಾರ್ಚ್ 4ರಂದು ನ್ಯಾಯಮೂರ್ತಿ ಫ್ಯಾರನ್ ಆದೇಶ ಕೊಟ್ಟರು: ಒಂದು ತಿಂಗಳೊಳಗೆ ಗಂಡನ ಮನೆಗೆ ಹೋಗಬೇಕು.

ಹೋಗದಿದ್ದರೆ? ಉತ್ತರ ಹಿಂದೂ ಶಾಸ್ತ್ರದಲ್ಲಿರಲಿಲ್ಲ, ಸಿವಿಲ್ ಪ್ರಕ್ರಿಯಾ ಸಂಹಿತೆಯ 260ನೇ ಕಲಮಿನಲ್ಲಿತ್ತು. ದಾಂಪತ್ಯ ಹಕ್ಕಿನ ಡಿಕ್ರಿ ಪಾಲಿಸದವರ ಆಸ್ತಿ ಜಪ್ತಿ, ಇಲ್ಲವೇ ಜೈಲು, ಇಲ್ಲವೇ ಎರಡೂ. ಜೈಲಿನ ಅವಧಿ ಆರು ತಿಂಗಳವರೆಗೆ. ಜೈಲಿಗೆ ಹೋಗುತ್ತೇನೆ, ಅಲ್ಲಿಗೆ ಹೋಗುವುದಿಲ್ಲ ಎಂದಳು ರುಖ್ಮಾಬಾಯಿ. ಧರ್ಮ, ಸಂಪ್ರದಾಯ, ಸುಧಾರಣೆ ಎಂದು ಪತ್ರಿಕೆಗಳು ಬಡಿದಾಡುತ್ತಿದ್ದಾಗ, ಅವಳ ಕುತ್ತಿಗೆಗೆ ಬಂದದ್ದು ಅಮಲ್ಜಾರಿ ಪ್ರಕರಣದ ಒಂದು ಕಲಮು. ಜೈಲಿನ ಶಿಕ್ಷೆ ತೆಗೆಯುವ ಬಗ್ಗೆ ಸರ್ಕಾರದಲ್ಲಿ ಚರ್ಚೆ ನಡೆಯಿತು, ಆಗಲಿಲ್ಲ. 1888ರ ಜುಲೈಯಲ್ಲಿ ದಾದಾಜಿ 2,000 ರೂಪಾಯಿ ಪಡೆದು ಹಕ್ಕು ಬಿಟ್ಟ. ಅದೇ 1888ರಲ್ಲಿ ಸಂಹಿತೆಗೆ ಒಂದು ತಿದ್ದುಪಡಿ ಬಂತು: ಹಣದ ಡಿಕ್ರಿಗಾಗಿ ಹೆಂಗಸನ್ನು ಬಂಧಿಸುವಂತಿಲ್ಲ. ಸಾಲ ತೀರಿಸದ ಹೆಂಗಸಿಗೆ ಜೈಲಿಲ್ಲ, ಗಂಡನ ಮನೆಗೆ ಹೋಗದವಳಿಗೆ ಇದೆ. 1889ರಲ್ಲಿ ರುಖ್ಮಾಬಾಯಿ ಲಂಡನ್ನಿಗೆ ಹೋಗಿ ಡಾಕ್ಟರಾಗಿ ಬಂದು, ಸೂರತ್ ಮತ್ತು ರಾಜಕೋಟೆಯಲ್ಲಿ ದಶಕಗಳ ಕಾಲ ದುಡಿದು 1955ರಲ್ಲಿ ತೀರಿಕೊಂಡರು. ಜೈಲಿನ ಮಾತು ಸಂಹಿತೆಯಿಂದ ಹೋದದ್ದು 1923ರಲ್ಲಿ. ಆಸ್ತಿ ಜಪ್ತಿಯ ಮಾತು ಇನ್ನೂ ಇದೆ.

1908ರಲ್ಲಿ ಇಂದಿನ ಸಂಹಿತೆ ಬಂತು. 652 ಕಲಮುಗಳ ರಾಶಿಯನ್ನು ಒಡೆದು, ತತ್ವಗಳನ್ನು 158 ಕಲಮುಗಳಲ್ಲಿಟ್ಟು, ನಡಾವಳಿಯ ವಿವರವನ್ನೆಲ್ಲ ಆದೇಶ, ನಿಯಮಗಳೆಂದು ಹಿಂದೆ ಜೋಡಿಸಿದರು. ನಿಯಮಗಳನ್ನು ಹೈಕೋರ್ಟುಗಳೇ ತಿದ್ದಿಕೊಳ್ಳಬಹುದು. ಮಹಮೂದರ ದಾರಿಯಲ್ಲೇ ಕಲ್ಕತ್ತದ ನ್ಯಾಯಮೂರ್ತಿ ವುಡ್ರಫ್ 1905ರ ಹುಕುಂ ಚಂದ್ ಬೋಯ್ಡ್ ಪ್ರಕರಣದಲ್ಲಿ ಹೇಳಿದ್ದ ಅಂತರ್ಗತ ಅಧಿಕಾರ 151ನೇ ಕಲಮಾಯಿತು. ನ್ಯಾಯದ ಉದ್ದೇಶಕ್ಕೆ ಬೇಕಾದ ಆದೇಶ ಕೊಡಲು ಈಗ ಮುನ್ಸೀಫನಿಗೂ ಅಧಿಕಾರವಿತ್ತು. ಕ್ಷಮೆ ಮೇಲಿನ ಮಹಡಿಯಿಂದ ಕೆಳಗಿಳಿದದ್ದು ಇಲ್ಲಿ, ಅರ್ಧ ಶತಮಾನ ತಡವಾಗಿ. ಇಡೀ ಕತೆಯಲ್ಲಿ ನನ್ನ ಮಟ್ಟಿಗೆ ಇದಕ್ಕಿಂತ ಮುಖ್ಯ ತಿರುವಿಲ್ಲ. ಪ್ರಿವಿ ಕೌನ್ಸಿಲಿನ ಯಾವ ಉದಾತ್ತ ತೀರ್ಪೂ ಇದಕ್ಕೆ ಸಮವಲ್ಲ.

ಆಮೇಲಿನದು ಬೇಗ ಹೇಳಿ ಮುಗಿಸಬಹುದು. 1955ರ ಸಂಗ್ರಾಮ್ ಸಿಂಗ್ ಪ್ರಕರಣದಲ್ಲಿ ನ್ಯಾಯಮೂರ್ತಿ ವಿವಿಯನ್ ಬೋಸ್, ಪ್ರಕ್ರಿಯಾ ಸಂಹಿತೆ ಇರುವುದು ನ್ಯಾಯಕ್ಕೆ ಅನುಕೂಲ ಮಾಡಲು, ಜನರನ್ನು ಎಡವಿ ಬೀಳಿಸಲಿಕ್ಕಲ್ಲ ಎಂದರು. 1987ರ ಕಾತಿಜಿ ಪ್ರಕರಣ ತಡವಾದ ಅಪೀಲುಗಳನ್ನು ಉದಾರವಾಗಿ ನೋಡಲು ಹೇಳಿತು. 2002ರ ತಿದ್ದುಪಡಿ ಕೈಫಿಯತ್ತಿಗೆ 90 ದಿನದ ಮಿತಿ ಹಾಕಿತು. 2005ರ ಕೈಲಾಶ್ ಪ್ರಕರಣದಲ್ಲಿ ಅದು ಕಟ್ಟುನಿಟ್ಟಲ್ಲ ಎಂದಾಯಿತು. 2019ರಲ್ಲಿ ವಾಣಿಜ್ಯ ದಾವೆಗಳ ಮಟ್ಟಿಗೆ 120 ದಿನ ಮೀರಿದರೆ ಮುಗಿಯಿತು ಎಂದಾಯಿತು. ಲೋಲಕ ಆ ಕಡೆ ಈ ಕಡೆ ತೂಗುತ್ತಲೇ ಇದೆ. ಕಟ್ಟಳೆ ಬಿಗಿ ಮಾಡಿದಾಗ ವ್ಯಾಜ್ಯ ಬೇಗ ಮುಗಿಯುತ್ತದೆ, ಸಡಿಲ ಬಿಟ್ಟಾಗ ನ್ಯಾಯ ಸಿಗುತ್ತದೆ ಎಂಬ ಎರಡೂ ನಂಬಿಕೆ ಅರ್ಧ ಸತ್ಯ. ವಕೀಲನ ಮರೆವಿಗೆ, ಗುಮಾಸ್ತನ ತಪ್ಪಿಗೆ ಕಕ್ಷಿದಾರ ತಲೆ ಕೊಡುವುದು ಎರಡರಲ್ಲೂ ನಿಂತಿಲ್ಲ.

ಹಳ್ಳದ ಆಚೆ ಸಿಕ್ಕಿಕೊಂಡ ವಾದಿಯ ಲೆಕ್ಕವೂ ಬದಲಾಗಿಲ್ಲ. 1882ರ 99 ಮತ್ತು 103ನೇ ಕಲಮುಗಳು ಇಂದಿನ ಸಂಹಿತೆಯಲ್ಲಿ 9ನೇ ಆದೇಶದ 4 ಮತ್ತು 9ನೇ ನಿಯಮಗಳು. ಇಬ್ಬರೂ ಬರದೆ ವಜಾ ಆದರೆ, ವಾಯಿದೆ ಉಳಿದಿದ್ದರೆ ಹೊಸ ದಾವೆ ಹೂಡಬಹುದು. ನೀವೊಬ್ಬರೇ ಬರದೆ ವಜಾ ಆದರೆ ಹೊಸ ದಾವೆ ಇಲ್ಲ. ಹಳೆಯದನ್ನು ಬದುಕಿಸಲು ಅರ್ಜಿ ಹಾಕಬೇಕು. ಆದ್ದರಿಂದ ನಿಮ್ಮ ವಕೀಲರು ಫೋನಿನಲ್ಲಿ 'ವಜಾ ಆಯ್ತು' ಎಂದರೆ, ಯಾವ ನಿಯಮದ ಕೆಳಗೆ ಎಂದು ಅಂದೇ ಕೇಳಿ. ಆ ಅರ್ಜಿಗೆ ಇರುವುದು 30 ದಿನ.